ಅಡಮಂಟ್ ಎಂಬ ಶಬ್ದ, ಬೋರಲು ಬಿದ್ದ ತಾಟು

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಐವತ್ತರ ಮೇಲಾಯಿತು. ಸರಿಯಾಗಿ ಎಷ್ಟು ಅಂತ ಕೇಳಬೇಡಿ. ದೊಡ್ಡ ಯುದ್ಧ ನಡೆದಿತ್ತು, ಪುಣೆಯ ಪೇಟೆಗಳಲ್ಲಿ ಸಕ್ಕರೆಗೆ ಸಾಲು ನಿಲ್ಲುತ್ತಿದ್ದರು, ಕ್ಯಾಂಪಿನ ಕಡೆ ಹೋದರೆ ಎಲ್ಲಿ ನೋಡಿದರೂ ಖಾಕಿ. ಅಷ್ಟು ಗುರುತು ಸಾಕು.

ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಬರೆಯಲು ಕೂತೆ ಅಂದರೆ ಅದಕ್ಕೆ ಕಾರಣ ನನ್ನ ಮೊಮ್ಮಗಳು. ಮೊನ್ನೆ ಸಾಲಿಯಿಂದ ಬಂದವಳೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಒಗೆದು, ನನ್ನ ಮಗ್ಗುಲಿಗೆ ಕೂತು ಪೆನ್ಸಿಲ್ ಕಚ್ಚತೊಡಗಿದಳು. ಅವಳ ಟೀಚರು ಒಂದು ಇಂಗ್ಲಿಷ್ ಶಬ್ದ ಕೊಟ್ಟು, ಅದನ್ನು ಹಾಕಿ ಮೂರು ವಾಕ್ಯ ಮಾಡಿಕೊಂಡು ಬಾ ಅಂದಿದ್ದರಂತೆ.

"ಯಾವ ಶಬ್ದ ಅದು?" ಅಂದೆ.

"ನಿನಗ ತಿಳಿಯಂಗಿಲ್ಲ ಅಜ್ಜಿ. ಭಾಳ ಕಠಿಣ ಅದ."

"ಹೇಳಿ ನೋಡು."

"ಅಡಮಂಟ್."

ಸೋಸುತ್ತಿದ್ದ ಮೆಂತ್ಯದ ಸೊಪ್ಪು ಕೈಯಲ್ಲೇ ಉಳಿಯಿತು. ನನಗೆ ಬರುವ ಇಂಗ್ಲಿಷ್ ಎಷ್ಟು ಮಹಾ? ಸ್ಟೇಷನ್ನು, ರೇಷನ್ನು, ಡಾಕ್ಟರು, ಬಿಲ್ಲು, ಲೇಟು. ಇವು ಎಮ್ಮೆ ಕಾಯುವವರಿಗೂ ಬರುತ್ತವೆ, ಇವನ್ನು ಯಾರೂ ಇಂಗ್ಲಿಷ್ ಅಂತ ಹಿಡಿಯುವುದಿಲ್ಲ. ಆದರೆ ಈ ಒಂದು ಶಬ್ದ ನನಗೆ ಬರುತ್ತದೆ, ಅರ್ಥ ಸಮೇತ ಬರುತ್ತದೆ. ಹಿಡಿದದ್ದನ್ನು ಬಿಡದವರು, ಏನು ಮಾಡಿದರೂ ಬಗ್ಗದವರು ಅಂತ ಅರ್ಥ.

ಹೇಳಿದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು. ನಾನು ದೇವರ ಕೋಣೆಯಿಂದ ಸೈಕಲ್ ಹೊಡೆಯುತ್ತ ಬಂದಿದ್ದರೂ ಅಷ್ಟು ಬೆರಗಾಗುತ್ತಿರಲಿಲ್ಲ. ಕತ್ತೆಯ ಮೇಲೆ ಒಂದು ವಾಕ್ಯ ಮಾಡಿದಳು, ತನ್ನ ಅಣ್ಣನ ಮೇಲೆ ಒಂದು. ಮೂರನೆಯದು ಹೊಳೆಯಲಿಲ್ಲ. ಅಡುಗೆಮನೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಮೈ ಗ್ರ್ಯಾಂಡ್‌ಮದರ್ ಇಜ್ ಅಡಮಂಟ್ ಅಬೌಟ್ ದಿ ಓಲ್ಡ್ ಪ್ಲೇಟ್" ಅಂತ ಬರೆದು ನಗುತ್ತ ಆಟಕ್ಕೆ ಓಡಿಹೋದಳು.

ಅವಳು ಬರೆದದ್ದು ಸುಳ್ಳಲ್ಲ. ಈಗ ನಾವಿರುವುದು ಹಡಪಸರದಲ್ಲಿ, ಮಗ ಕಟ್ಟಿಸಿದ ಮನೆ. ಅಡುಗೆಮನೆಯಲ್ಲಿ ಎಲ್ಲ ಸ್ಟೀಲು, ಮುಖ ನೋಡಿಕೊಳ್ಳಬಹುದು. ಅದರ ನಡುವೆ ಮೇಲೆ, ಹಳೆ ಮನೆಯಿಂದ ಹಾಗೇ ಎತ್ತಿ ತಂದ ಹಲಗೆಯಲ್ಲಿ ಒಂದು ಹಿತ್ತಾಳೆ ತಾಟು, ಕಪ್ಪುಗಟ್ಟಿದ್ದು, ಬೋರಲು ಬಿದ್ದಿದೆ. ಹಳೆ ಸಾಮಾನಿಗೆ ಹೊಸ ಪಾತ್ರೆ ಕೊಡುವವಳು ಓಣಿಗೆ ಬಂದಾಗಲೆಲ್ಲ ನನ್ನ ಸೊಸೆ ಅದರ ಕಡೆ ನೋಡುತ್ತಾಳೆ, ಆಮೇಲೆ ನನ್ನ ಕಡೆ ನೋಡುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ. ಒಳ್ಳೆಯ ಹುಡುಗಿ. ಆ ತಾಟು ನನ್ನದಲ್ಲ.

ನಮ್ಮದು ಖಾನಾವಳಿ. ಶುಕ್ರವಾರ ಪೇಟೆಯ ಒಂದು ವಾಡೆಯಲ್ಲಿ ಕೆಳಗಿನ ಎರಡು ಕೋಣೆ. ಮುಂದಿನದರಲ್ಲಿ ಪಂಕ್ತಿ, ಹಿಂದಿನದರಲ್ಲಿ ಒಲೆ. ಪುಣೆ ಅಂದರೆ ಬೇಳೆಯ ಸಾರಿಗೂ ಬೆಲ್ಲ ಹಾಕುವ ಊರು. ಹುಬ್ಬಳ್ಳಿ, ಗದಗ, ವಿಜಾಪುರದ ಕಡೆಯಿಂದ ಕಾಲೇಜು ಕಲಿಯಲು ಬಂದ ಹುಡುಗರು ಆ ಸಾರು, ಆ ಹಾಳೆಯಂಥ ಚಪಾತಿ ಉಂಡು ಉಂಡು ಸೊರಗುತ್ತಿದ್ದರು. ಯಾರೋ ಒಬ್ಬರು ನಮ್ಮ ಓಣಿ ತೋರಿಸುತ್ತಿದ್ದರು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಒಬ್ಬ ಹೊಸ ಹುಡುಗ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ನಮ್ಮ ಅತ್ತೆ ಅವನಿಗೆ, "ಅಳೂದು ಮುಗಿದಿಂದ ಕಾಲು ತೊಳಕೊಂಡು ಒಳಗ ಬಾ" ಅಂದಿದ್ದರು.

ಅತ್ತೆ ವಿಧವೆ. ಖಾನಾವಳಿ ಅವರದು. ನಮ್ಮವರು ದೊಡ್ಡ ಮಗ, ಮಂಡಯಿ ಮಾರುಕಟ್ಟೆಯಿಂದ ಬದನೆಕಾಯಿ ತರುವುದು, ಕಟ್ಟಿಗೆ ತರುವುದು, ಅವ್ವ ಹೇಳಿದ್ದಕ್ಕೆ ಹೂಂ ಅನ್ನುವುದು, ಇಷ್ಟು ಅವರ ಕೆಲಸ. ಹುಡುಗರೆಲ್ಲ ಅತ್ತೆಗೆ ಅವ್ವಾರು ಅನ್ನುತ್ತಿದ್ದರು. ಆ ಅವ್ವಾರು ನಕ್ಕದ್ದು ಕಡಿಮೆ, ಅತ್ತದ್ದು ನಾನು ಕಂಡಿಲ್ಲ. ಈ ಅತ್ತೆ ನನ್ನನ್ನು ಹಿಂಸೆ ಮಾಡಿದರು ಅಂತ ಕಥೆ ಬರುತ್ತದೆ ಅಂದುಕೊಂಡಿದ್ದರೆ ಇಲ್ಲ. ಬೈದರು, ಕಲಿಸಿದರು, ಹೊಟ್ಟೆಗೆ ಹಾಕಿದರು.

ಖಾನಾವಳಿಗೆ ಒಂದು ಪದ್ಧತಿ ಇತ್ತು. ತಿಂಗಳ ಊಟದವರು ತಮ್ಮ ತಮ್ಮ ತಾಟು ತಾವೇ ತರಬೇಕು. ಪಾತ್ರೆ ಬಡಿಯುವ ತಾಂಬಟರ ಓಣಿ ತಾಂಬಟ ಆಳಿಯಲ್ಲಿ ಹಿತ್ತಾಳೆ ತಾಟು ಕೊಂಡು, ಅಲ್ಲೇ ಅದರ ಬೆನ್ನಿಗೆ ಹೆಸರು ಕೊರೆಸಿಕೊಂಡು ಬರುತ್ತಿದ್ದರು. ಉಂಡವರು ತೊಳೆದು ಬಾಗಿಲ ಪಕ್ಕದ ಉದ್ದ ಹಲಗೆಯ ಮೇಲೆ ಇಡುತ್ತಿದ್ದರು. ಮುಂದಿನ ಹೊತ್ತಿಗೆ ಊಟಕ್ಕೆ ಬರುವುದಿದ್ದರೆ ಅಂಗಾತ ಇಡಬೇಕು. ಬರುವುದಿಲ್ಲವೋ, ಬೋರಲು ಹಾಕಿ ಹೋಗಬೇಕು. ನಾನು ಹಿಟ್ಟು ನಾದುವ ಮುಂಚೆ ಹಲಗೆ ನೋಡಿ ಬರುತ್ತಿದ್ದೆ. ಅಂಗಾತ ಬಿದ್ದ ತಾಟಿಗೆ ಹಿಟ್ಟು, ಬೋರಲು ಬಿದ್ದದ್ದಕ್ಕೆ ಇಲ್ಲ. ಬಾಯಿಂದ ಹೇಳುವುದು ಕೇಳುವುದು ಏನೂ ಇಲ್ಲ.

ನಾನು ಅಕ್ಷರ ಕಲಿತದ್ದೂ ಹೀಗೆಯೇ. ಬೋರಲು ತಾಟುಗಳ ಬೆನ್ನು ಓದಿ. ಅದಕ್ಕೇ ನನಗೆ ಮೊದಲು ಬಂದದ್ದು ಊಟಕ್ಕೆ ಬಾರದವರ ಹೆಸರು. ನಾನು ಬರೆಯುವುದನ್ನು ಕಂಡು ಮಗ, "ಅವ್ವಾ, ನಿನ್ನ ಅಕ್ಷರ ಮೊಳಿ ಬಡದಂಗ ಅದಾವ" ಅನ್ನುತ್ತಾನೆ. ತಾಂಬಟನ ಮೊಳೆಯಿಂದ ಕಲಿತವಳು ಇನ್ನು ಹೇಗೆ ಬರೆಯಲಿ?

ಒಮ್ಮೆ ಹೀಗಾಯಿತು. ವಿಜಾಪುರದ ಪಾಟೀಲ ಅಂತ ಒಬ್ಬ ಇದ್ದ, ಊಟದಲ್ಲಿ ಎತ್ತಿದ ಕೈ. ಯಾರೋ ಚೇಷ್ಟೆಗೆ ಅವನ ತಾಟು ಬೋರಲು ಹಾಕಿಬಿಟ್ಟರು. ಅವನು ಪರ್ವತಿ ಗುಡ್ಡ ಹತ್ತಿ ಇಳಿದು ಹಸಿದ ತೋಳನಂತೆ ಬಂದರೆ ಅವನ ಪಾಲಿನ ರೊಟ್ಟಿ ಇಲ್ಲ. ಚೇಷ್ಟೆ ಮಾಡಿದವನು ತಾನಾಗಿ ನಕ್ಕು ಸಿಕ್ಕಿಬಿದ್ದ. ಅತ್ತೆ ಅವನ ತಾಟನ್ನು ಪಾಟೀಲನ ಮುಂದೆ ಸರಿಸಿ, ಅವನನ್ನು ಎದುರಿಗೇ ಕೂಡಿಸಿ, ಪಾಟೀಲ ಉಂಡು ಏಳುವ ತನಕ ನೋಡು ಅಂದರು. ಪಾಟೀಲ ಆ ದಿನ ಬೇಕಂತಲೇ ನಿಧಾನ ಉಂಡ. ಆಮೇಲೆ ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದರು: "ತಾಟು ಯಾರದೋ ಅವರ ಕೈಯಷ್ಟ ಮುಟ್ಟಬೇಕು. ಬೋರಲ ಹಾಕೂದೂ ಅವರ, ಮಗುಚಿ ಅಂಗಾತ ಇಡೂದೂ ಅವರ. ಬ್ಯಾರೆ ಕೈ ಮುಟ್ಟಿತೋ, ಆ ಕೈಗೆ ಈ ಮನ್ಯಾಗ ಅನ್ನ ಇಲ್ಲ. ನನಗೂ ಇದ ಮಾತು, ಗಂಗಾಗೂ ಇದ ಮಾತು."

ಗಂಗಾ ಅಂದರೆ ನಾನು.

ಈಗ ಈರಣ್ಣನ ಮಾತು. ನನ್ನ ಮೈದುನ, ಅತ್ತೆಯ ಸಣ್ಣ ಮಗ. ನನಗಿಂತ ಒಂದು ವರ್ಷಕ್ಕೆ ಕಿರಿಯ. ನಾನು ಆ ಮನೆಗೆ ಬಂದ ಹೊಸದರಲ್ಲಿ ಯಾರ ಜೊತೆ ಮಾತಾಡಬೇಕು ತಿಳಿಯದೆ ಮನೆಯವರ ಹೆಸರು ಕೊರೆದ ತಾಟು ತಿಕ್ಕುತ್ತ ಕೂತಿದ್ದಾಗ, "ವೈನಿ, ನೀ ತಿಕ್ಕಿದ್ದು ಸಾಕು, ತಾಟು ಸವದು ಹೆಸರ ಹೋದಾವು" ಅಂದ ಹುಡುಗ. ಅವನಿಗೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ. ಹೋಳಿಗೆ ಮಾಡಿದ ದಿನವೂ, "ಹಿಂಡಿ ಎಲ್ಲಿ?" ಅನ್ನುವವನು. ಎಲ್ಲ ಪಾಠ ಬರುತ್ತಿತ್ತು, ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಮ್ಯಾಟ್ರಿಕ್ ಪರೀಕ್ಷೆ ಅದರಲ್ಲೇ ಹೋಗಿತ್ತು.

ಹುಬ್ಬಳ್ಳಿಯ ದೇಸಾಯಿ ಅಂತ ಬಿ.ಎ. ಓದುವವನು ನಮ್ಮಲ್ಲಿ ಉಣ್ಣುತ್ತಿದ್ದ. ಕನ್ನಡಕದ ಹುಡುಗ, ಸಭ್ಯ. ಈರಣ್ಣ ಅವನ ಬೆನ್ನು ಹತ್ತಿದ. ದೇಸಾಯಿ ಒಂದು ಉಪಾಯ ಮಾಡಿದ. ದಿನಾ ಸಂಜೆ ಪಂಕ್ತಿಯಲ್ಲಿ ಒಂದು ಇಂಗ್ಲಿಷ್ ಶಬ್ದ ಹೇಳುವುದು. ಉಣ್ಣುವವರೆಲ್ಲ ಒಬ್ಬೊಬ್ಬರಾಗಿ ಅದರ ಮೇಲೆ ವಾಕ್ಯ ಮಾಡಬೇಕು, ನೀರು ಹಾಕುತ್ತ ಬರುವ ಈರಣ್ಣನೂ ಮಾಡಬೇಕು. ಮಾಡದವನಿಗೆ ಎರಡನೇ ಸಲ ಮಜ್ಜಿಗೆ ಇಲ್ಲ. ಸಣ್ಣ ಮಗ ಮ್ಯಾಟ್ರಿಕ್ ಪಾಸಾಗಲಿ ಅಂತ ಅತ್ತೆ ಇದಕ್ಕೆ ಒಪ್ಪಿದರು, ದೇಸಾಯಿಯ ರೊಟ್ಟಿಗೆ ಒಂದು ಚಮಚೆ ಬೆಣ್ಣೆ ಹೆಚ್ಚು ಬೀಳತೊಡಗಿತು. ಪಾಟೀಲನಿಗೆ ಇದು ಹೊಟ್ಟೆಕಿಚ್ಚು.

ಆ ಇಂಗ್ಲಿಷ್ ಯಾತಕ್ಕೆ ಅಂತ ಈರಣ್ಣನೊಬ್ಬನಿಗೇ ಗೊತ್ತಿತ್ತು. ದೇಸಾಯಿಗೂ ಗೊತ್ತಿರಲಿಲ್ಲ.

ಚಳಿಗಾಲದ ಸಂಜೆ. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆವು. ದೇಸಾಯಿ ರೊಟ್ಟಿ ಮುರಿಯುತ್ತ, "ಇವತ್ತಿನ ಶಬ್ದ ಅಡಮಂಟ್" ಅಂದ. ಅರ್ಥವನ್ನೂ ಹೇಳಿದ. ಒಬ್ಬ, ತಾನಿರುವ ಖೋಲಿಯ ಮಾಲೀಕ ಅಡಮಂಟ್ ಅಂದ. ಇನ್ನೊಬ್ಬ, ತನ್ನ ಅಪ್ಪ ಅಡಮಂಟ್ ಅಂದ. ಪಾಟೀಲನ ಸರದಿ ಬಂತು. ಅವನು ರೊಟ್ಟಿ ಎತ್ತಿ ಹಿಡಿದು, "ದಿಸ್ ರೊಟ್ಟಿ ಇಜ್ ಅಡಮಂಟ್!" ಅಂದ. ಪಂಕ್ತಿಯೆಲ್ಲ ಹೋ ಅಂತ ನಕ್ಕಿತು.

ಒಳಗಿನಿಂದ ಅತ್ತೆ, "ಏನಂದ ಅಂವ? ರೊಟ್ಟಿ ಹೆಸರು ಬಂತಲ್ಲ?" ಅಂದರು.

"ರೊಟ್ಟಿ ಗಟ್ಟಿ ಅದ ಅಂತಾನ್ರಿ ಅವ್ವಾರ" ಅಂತ ಯಾರೋ ಚಾಡಿ ಹೇಳಿದರು.

"ಗಟ್ಟಿ ಆತೇನು? ಗಂಗಾ, ನಾಳಿಂದ ಪಾಟೀಲಗ ರೊಟ್ಟಿ ಹಾಲಾಗ ನೆನಸಿ ಕೊಡು. ಹಲ್ಲು ಬರೂತನಾ ಹಂಗ ತಿನ್ನಲಿ ಕೂಸು."

ದೇಸಾಯಿ ನಗು ತಡೆದುಕೊಂಡು, ರೊಟ್ಟಿಗೆ ಆ ಮಾತು ಹೊಂದುವುದಿಲ್ಲ, ಮನಸ್ಸು ಇದ್ದವರಿಗೆ ಮಾತ್ರ ಹೊಂದುತ್ತದೆ ಅಂತ ಬಿಡಿಸಿ ಹೇಳಿದ. ಆಮೇಲೆ ಈರಣ್ಣನ ಕಡೆ ತಿರುಗಿದ.

ಈರಣ್ಣ ನೀರಿನ ತಂಬಿಗೆ ಹಿಡಿದು ನಡುವೆ ನಿಂತಿದ್ದ. ಯಾವತ್ತೂ ತಡವರಿಸುವವನು ಅವತ್ತು ತಡವರಿಸಲಿಲ್ಲ. "ಮೈ ಮದರ್ ಇಜ್ ಅಡಮಂಟ್" ಅಂದ. ಉಸಿರು ತೆಗೆದುಕೊಂಡು, "ಐ ಯಾಮ್ ಹರ್ ಸನ್" ಅಂದ.

ದೇಸಾಯಿ ಉಣ್ಣುವ ಕೈಯನ್ನೂ ಮರೆತು ಚಪ್ಪಾಳೆ ಹೊಡೆದ. ಭಾರಿ ವಾಕ್ಯ, ಭಾರಿ ವಾಕ್ಯ ಅಂದ. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. "ನನ್ನ ಏನರ ಅಂದಾ ಅಂವಾ?"

"ನಮ್ಮವ್ವ ಗಟ್ಟಿ ಮನಸಿನಾಕಿ, ನಾನು ಆಕಿ ಮಗಾ ಅಂದಾನ್ರಿ ಅವ್ವಾರ" ಅಂದ ದೇಸಾಯಿ.

"ಇದನ್ನ ಹೇಳಾಕ ಇಂಗ್ಲಿಷ್ ಯಾಕ ಬೇಕಿತ್ತು? ಓಣಿಗೆಲ್ಲ ಗೊತ್ತದ."

ಎಲ್ಲರೂ ನಕ್ಕರು. ಈರಣ್ಣ ನಗಲಿಲ್ಲ. ತಂಬಿಗೆ ಕೆಳಗಿಟ್ಟು, "ಯವ್ವಾ, ನಾ ಪಲ್ಟಣಕ್ಕ ಹೆಸರು ಕೊಟ್ಟೀನಿ. ಸಾಮಾನಿನ ಕೋಠಿಯಾಗ ಕಾರಕೂನಕಿ. ಇಂಗ್ಲಿಷಿನಾಗ ನಾಕು ಮಾತು ಕೇಳಿದ್ರು, ಹೇಳಿದೆ. ತಗೊಂಡ್ರು. ನಾಳಿ ಹೋಗಬೇಕು" ಅಂದ.

ದೇಸಾಯಿಯ ಮುಖ ನಾನು ನೋಡಿದೆ. ಬೆಣ್ಣೆ ತಿಂದ ಬಾಯಿ ತೆರೆದಿತ್ತು, ಮುಚ್ಚಲು ಮರೆತಿದ್ದ.

ಅತ್ತೆಗೆ ಒಬ್ಬ ಅಣ್ಣ ಇದ್ದನಂತೆ. ಹಿಂದಿನ ಯುದ್ಧದಲ್ಲಿ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸಮುದ್ರ ದಾಟಿ ಬಸ್ರಾಕ್ಕೆ ಹೋದವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅವರವ್ವ ಸಾಯುವತನಕ ಬಾಗಿಲ ಕಡೆ ಮುಖ ಮಾಡಿ ಉಣ್ಣುತ್ತಿದ್ದಳಂತೆ. ಇದನ್ನು ಅತ್ತೆ ನನಗೆ ಒಂದೇ ಸಲ ಹೇಳಿದ್ದರು, ಶೇಂಗಾ ಹುರಿಯುವಾಗ.

"ಒಬ್ಬನ್ನ ಕಳಿಸಿ ನೋಡೇವಿ. ನೀ ಹೋಗಂಗಿಲ್ಲ" ಅಂದರು.

"ಹೆಸರು ಕೊಟ್ಟಾಗೇದ ಯವ್ವಾ."

"ಹೆಸರು ತಾಟಿನ ಮ್ಯಾಲ ಕೊರಸೀನಿ ನಾ. ಅದನ್ನ ಕೇಳದ ಕೊಟ್ಟಿ?"

"ಈ ಓಣ್ಯಾಗ ಜನ್ಮ ಪೂರ್ತಿ ನೀರು ನೀಡ್ಕೋತ ಕೂಡಲೇನು? ನಾನೂ ಒಂದಿಷ್ಟು ದುನಿಯಾ ನೋಡ್ತೀನಿ. ಬರ್ತೀನಿ."

ಅತ್ತೆ ಅವನು ಕೆಳಗಿಟ್ಟ ತಂಬಿಗೆ ಎತ್ತಿಕೊಂಡರು. ಪಂಕ್ತಿಯಲ್ಲಿ ಅಗಿಯುವ ಸಪ್ಪಳವೂ ನಿಂತಿತ್ತು. ಕಡೆಗೆ, "ಹೋಗೂದಿದ್ರ ತಾಟು ಬೋರಲ ಹಾಕಿ ಹೋಗು" ಅಂದು ಒಳಗೆ ಹೋದರು. ಅವತ್ತು ಎಲ್ಲರಿಗೂ ಎರಡನೇ ಸಲ ಮಜ್ಜಿಗೆ ಹಾಕಿದೆ, ಯಾರೂ ಕುಡಿಯಲಿಲ್ಲ.

ಮರುದಿನ ನಸುಕಿಗೆ ಅವನು ಹೊರಟ. ನಾನು ಒಲೆ ಹಚ್ಚುತ್ತಿದ್ದೆ. ಹಲಗೆಯ ಮೇಲೆ ತಾಟು ಬೋರಲು ಹಾಕಿದ ಸಪ್ಪಳ ಕೇಳಿತು. ಹಿತ್ತಾಳೆ ಸಪ್ಪಳ ನಿಮಗೆ ಗೊತ್ತಲ್ಲ, ಒಮ್ಮೆ ಆದರೆ ತಾನಾಗಿ ನಿಲ್ಲಬೇಕು. ಅತ್ತೆ ಬೀಸುಕಲ್ಲಿನ ಮುಂದೆ ಕೂತಿದ್ದರು, ಕಲ್ಲು ನಿಲ್ಲಿಸಲಿಲ್ಲ.

ಇಬ್ಬರೂ ಆ ಬೋರಲು ತಾಟನ್ನು ಬೇರೆ ಬೇರೆ ರೀತಿ ಓದಿಕೊಂಡರು. ನಡುವೆ ನಿಂತು ಎರಡೂ ನೋಡಿದವಳು ನಾನು. ಅತ್ತೆಯ ಲೆಕ್ಕ ಸರಳ. ಬೋರಲು ಹಾಕಿದವನು ಅವನು, ಬಂದು ಮಗುಚುವವನೂ ಅವನೇ, ಖಾನಾವಳಿಯ ನಿಯಮ. ಆ ನಿಯಮ ಇರುವವರೆಗೆ ಅವನು ಬರಲೇಬೇಕು ಅಂತ ಆಕೆ ಹಿಡಿದಿದ್ದರು. ಈರಣ್ಣನ ಲೆಕ್ಕವೂ ಸರಳವೇ. ಅವ್ವ ನನ್ನ ತಾಟು ಬೋರಲು ಹಾಕಿಸಿ ಕಳಿಸಿದಳು. ಕರೆಯುವುದಿದ್ದರೆ ಅವಳೇ ಮಗುಚಿ ಕರೆಯಲಿ.

ಅಮಾವಾಸ್ಯೆಗೊಮ್ಮೆ ಎಲ್ಲ ತಾಟುಗಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಹೊಳೆಯುವಂತೆ ತಿಕ್ಕುವುದು ಹುಡುಗರಿಗೇ ಬಿಟ್ಟ ಕೆಲಸ. ಈರಣ್ಣನದನ್ನು ತಿಕ್ಕುವವರಿಲ್ಲ. ಅದು ಮೊದಲು ಮಾಸಿತು, ಆಮೇಲೆ ಕಂದಾಯಿತು, ಆಮೇಲೆ ಕಪ್ಪಾಯಿತು. ಬೆನ್ನ ಮೇಲಿನ ಹೆಸರು ಮಾತ್ರ ಬಾಗಿಲಿಗೆ ಬಂದವರಿಗೆಲ್ಲ ಕಾಣುತ್ತಿತ್ತು. ಪಂಕ್ತಿಯಲ್ಲಿ ಇಂಗ್ಲಿಷ್ ನಿಂತುಹೋಯಿತು. ದೇಸಾಯಿ ಬೆಣ್ಣೆ ಬೇಡ ಅನ್ನತೊಡಗಿದ. ಅತ್ತೆ ಬಿಡಲಿಲ್ಲ. "ಕಲಿಸಿದವಂದು ತಪ್ಪಲ್ಲ, ತಿನ್ನು" ಅಂದರು.

ಅವನು ಒಮ್ಮೆ ಬಂದ. ಹೋಗಿ ಆರೇಳು ತಿಂಗಳಾಗಿರಬೇಕು. ಮಧ್ಯಾಹ್ನ, ಹುಡುಗರು ಉಂಡು ಹೋಗಿದ್ದರು. ನಮ್ಮವರು ಮಂಡಯಿಗೆ ಹೋಗಿದ್ದರು. ಅತ್ತೆ ಮುಂದಿನ ಕೋಣೆಯಲ್ಲಿ ಜೋಳ ಹಸನು ಮಾಡುತ್ತಿದ್ದರು, ನಾನು ಸಂಜೆಯ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಬಾಗಿಲಲ್ಲಿ ಖಾಕಿ ನಿಂತಿತು. ನೋಡಿದರೆ ಇವನು. ಮೈ ತುಂಬಿಕೊಂಡಿದ್ದ, ಕರ್ರಗಾಗಿದ್ದ, ಮೀಸೆ ಬಿಟ್ಟಿದ್ದ. ಮೀಸೆ ಅವನಿಗೆ ಒಪ್ಪುತ್ತಿರಲಿಲ್ಲ, ಅದನ್ನು ಆಗಲೇ ಹೇಳಿದೆ.

"ವೈನಿ, ಆರು ತಿಂಗಳ ಮ್ಯಾಲ ನೋಡೀದಿ, ಮೊದಲ ಇದನ್ನ ಹೇಳಬೇಕ?" ಅಂತ ನಕ್ಕ.

ಅತ್ತೆ ಮೊರ ಕೆಳಗಿಡಲಿಲ್ಲ. "ಬಂದೀ?"

"ಬಂದೆ."

"ಎಷ್ಟು ದಿನಾ?"

"ಸಂಜಿ ಗಾಡಿಗೆ ಮುಂಬಯಿ. ಅಲ್ಲಿಂದ ಹಡಗ. ಎಲ್ಲಿಗೆ ಅಂತ ಹೇಳಿಲ್ಲ."

ಅವನು ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತ. ಒಳಗೆ ಬಾ ಅಂತ ಅವರು ಅನ್ನಲಿಲ್ಲ, ಅನ್ನಲಿ ಅಂತ ಅವನು ಕೂತ. ಇಬ್ಬರ ಕಣ್ಣೂ ಆ ಹಲಗೆಯ ಮೇಲೆ. ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಆ ತಾಟು. ಅತ್ತೆಗೂ ಅಷ್ಟೇ ಹತ್ತಿರ.

ಅತ್ತೆ ನನ್ನನ್ನು ಕರೆದರು. "ಗಂಗಾ, ಹಿಟ್ಟಿಗೆ ಎಸರು ಇಡೂ ಹೊತ್ತಾತು. ಯಾರ್ಯಾರ ತಾಟು ಅಂಗಾತ ಅದಾವ ನೋಡು."

ನಾನು ಹೋಗಿ ನೋಡುವುದೇನಿದೆ, ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಆದರೆ ಅತ್ತೆಯನ್ನು ಬಲ್ಲವಳು ನಾನು. ಅದು ನನಗೆ ಹೇಳಿದ ಮಾತಲ್ಲ. ಮಗನೇ, ತಾಟು ಮಗುಚು, ಉಣ್ಣು ಅನ್ನುವುದನ್ನು ಆಕೆ ಇದಕ್ಕಿಂತ ಬಿಡಿಸಿ ಹೇಳಲಾರರು. ಅವನಿಗೂ ತಿಳಿಯಿತು. ತಿಳಿಯಿತು ಅಂತ ಮೀಸೆಯ ಕೆಳಗೆ ನಕ್ಕದ್ದರಲ್ಲೇ ಗೊತ್ತಾಯಿತು.

"ಯವ್ವಾ, ಅಡಮಂಟ್" ಅಂದ.

"ನೀ ಯಾರ ಮಗಾ ಅಂದಿದ್ದೀ ಅವತ್ತ?" ಅಂದರು ಅತ್ತೆ.

ಇಬ್ಬರೂ ನಕ್ಕರು. ತಾಯಿ ಮಗ ಒಟ್ಟಿಗೆ ನಕ್ಕದ್ದನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೊಂದೇ ಸಲ. ಈಗ ಆಯಿತು, ಈಗ ಯಾರಾದರೂ ಕೈ ಚಾಚುತ್ತಾರೆ ಅಂದುಕೊಂಡು ನಾನು ಒಲೆಗೆ ಕಟ್ಟಿಗೆ ಒಟ್ಟಿದೆ. ಹಂಚು ಇಟ್ಟೆ. ನಗು ನಿಂತಿತು. ಅತ್ತೆ ಮೊರದಲ್ಲಿ ಕಲ್ಲು ಹುಡುಕತೊಡಗಿದರು. ಅವನು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ತಾಟು ಹಾಗೇ ಇತ್ತು.

ನೀನೇ ಮಗುಚಿ ಇಡಬಾರದಿತ್ತೇ ಅಂತ ಕೇಳುವವರಿದ್ದಾರೆ. ನನ್ನ ಸೊಸೆಯೂ ಕೇಳಿದಳು. ಹತ್ತೊಂಬತ್ತರ ಸೊಸೆಯಾಗಿ ಆ ಅತ್ತೆಯ ಕೆಳಗೆ ಒಂದು ದಿನ ಇದ್ದು ನೋಡಿ ಆಮೇಲೆ ಕೇಳಿರಿ. ಮತ್ತೆ, ನಾನು ಮಗುಚಿದ್ದರೂ ಅವನು ಉಣ್ಣುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಅವ್ವನ ಕೈ.

ಹೊರಡುವಾಗ ಅವನು ಹೊರಗಿನ ಹರವಿಯಿಂದ ತಾನೇ ಬಗ್ಗಿಸಿಕೊಂಡು ನೀರು ಕುಡಿದ. ನಾನು ಹಿಂದಿನ ಬಾಗಿಲಿಂದ ಓಡಿ ಹೋಗಿ ಓಣಿಯ ತಿರುವಿನಲ್ಲಿ ಅವನನ್ನು ಹಿಡಿದೆ. ಕೈಯಲ್ಲಿ ಬೆಳಗಿನ ಎರಡು ರೊಟ್ಟಿ, ಮೇಲೆ ಹಿಂಡಿ, ಬಟ್ಟೆಯಲ್ಲಿ ಕಟ್ಟಿದ್ದೆ. ಅವನು ಮೂಸಿ ನೋಡಿದ. ಕಣ್ಣು ಮುಚ್ಚಿ ಮೂಸಿದ. ಆಮೇಲೆ ತಿರುಗಿ ನನ್ನ ಕೈಗೇ ಕೊಟ್ಟ.

"ಬ್ಯಾಡ ವೈನಿ. ತಾಟು ಬೋರಲ ಇದ್ದಾವಗ ರೊಟ್ಟಿ ಇಲ್ಲ. ನಿಯಮ ಅಂದ್ರ ನಿಯಮ."

"ಸುಟ್ಟಿತು ನಿಮ್ಮ ನಿಯಮ. ಹೊಟ್ಟಿ ಯಾರದು?" ಅಂದೆ.

"ಬಂದ ಮ್ಯಾಲ ತಿಂತೀನಿ. ಆಕಿ ಸೋಲೂದು ನೋಡೇ ತಿಂತೀನಿ" ಅಂದು, ಸೈನಿಕರ ಹಾಗೆ ಸಲಾಮು ಹೊಡೆದು, ಸ್ಟೇಷನ್ನಿನ ಕಡೆ ನಡೆದ. ಸಲಾಮು ಸರಿಯಾಗಿ ಬಂದಿತ್ತು. ಮೀಸೆಯೊಂದೇ ಒಪ್ಪುತ್ತಿರಲಿಲ್ಲ.

ವಾಪಸು ಬಂದಾಗ ಅತ್ತೆ, "ತಗೊಂಡನೇನು?" ಅಂದರು. ಅವರಿಗೆ ಗೊತ್ತಾಗಿತ್ತು. ಇಲ್ಲ ಅಂದೆ. "ಇಲ್ಲ ಅಂತಾನ ಅಂತ ಗೊತ್ತಿತ್ತು" ಅಂದರು. ಹೆಮ್ಮೆಯಿಂದ ಅಂದರೋ ಸಂಕಟದಿಂದ ಅಂದರೋ, ಅಷ್ಟು ಸೂಕ್ಷ್ಮ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ.

ತಾರು ಬಂದದ್ದು ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ. ಸಂಜೆ, ಹುಡುಗರು ಬರುವ ಸಮಯ. ನಮ್ಮವರಿಗೆ ಓದಲು ಬರದು, ತಾರು ಹಿಡಿದು ದೇಸಾಯಿಯ ದಾರಿ ಕಾಯುತ್ತ ನಿಂತರು. ದೇಸಾಯಿ ಬಂದ, ಓದಿದ, ಕನ್ನಡಕ ತೆಗೆದ. ದೂರದ ಮರಳುಗಾಡಿನಲ್ಲಿ ಸಾಮಾನಿನ ಲಾರಿ ಉರುಳಿ ಈರಣ್ಣ ಸತ್ತಿದ್ದ. ಅಷ್ಟೇ ಇತ್ತು ಅದರಲ್ಲಿ.

ನಮ್ಮವರು ಗೋಡೆಗೆ ತಲೆ ಹಚ್ಚಿ ಅತ್ತರು. ನನಗೂ ಅಳು ತಡೆಯಲಿಲ್ಲ. ಹುಡುಗರು ಬಾಗಿಲ ಹೊರಗೆ ಗುಂಪಾಗಿ ನಿಂತರು, ಪಾಟೀಲ ಮೆಲ್ಲಗೆ, "ನಾವು ಹೊರಗ ಎಲ್ಲರ ಉಂಡು ಬರ್ತೇವ್ರಿ" ಅಂದ. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು.

"ಎಲ್ಲಿಗೆ ಹೋಗ್ತೀರಿ? ನಿಮ್ಮ ತಾಟು ಅಂಗಾತ ಅದಾವ. ಕೂಡ್ರಿ."

ಅವರು ಕೂತರು. ನಾನು ಬಡಿಸಿದೆ. ಅತ್ತೆ ಗೋಡೆಗೆ ಬೆನ್ನು ಹಚ್ಚಿ ನಿಂತು ಒಬ್ಬೊಬ್ಬರ ತಾಟನ್ನೂ ನೋಡಿದರು, ಬಿಟ್ಟವರಿಗೆ ತಿನ್ನಿ ಅಂದರು. ಉಂಡು ಎದ್ದ ದೇಸಾಯಿಗೆ ಏನನ್ನಿಸಿತೋ, ಹಲಗೆಯ ಹತ್ತಿರ ಹೋಗಿ ಆ ಕಪ್ಪು ತಾಟಿಗೆ ಕೈ ಚಾಚಿದ. ತೊಳೆದು ಇಡೋಣ ಅಂತ ಇರಬೇಕು.

"ದೇಸಾಯೀ" ಅಂದರು ಅತ್ತೆ. "ಕೈ."

ಅವನು ಸುಟ್ಟವನಂತೆ ಕೈ ಹಿಂದೆ ತೆಗೆದ.

"ಅವತ್ತು ಅಂವ ಏನಂದಿದ್ದ, ಇಂಗ್ಲಿಷಿನಾಗ? ಮತ್ತೊಮ್ಮೆ ಅನ್ನು."

ದೇಸಾಯಿ ಅಂದ. ಮೈ ಮದರ್ ಇಜ್ ಅಡಮಂಟ್. ಐ ಯಾಮ್ ಹರ್ ಸನ್.

"ಅದು ನನ್ನ ಹೊಗಳಿದ್ದೋ, ಬೈದದ್ದೋ?"

ದೇಸಾಯಿ ನೆಲ ನೋಡಿದ. "ನನಗ ಗೊತ್ತಿಲ್ರಿ ಅವ್ವಾರ" ಅಂದ.

"ನೀನ ಕಲಿಸಿದವ" ಅಂದರು ಅತ್ತೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಯಾರಿಗೆ ಅಂತಲ್ಲದೆ, "ಅಂವ ಮಗುಚತಿದ್ದ. ಮುಂದಿನ ಸಲ ಬಂದಾಗ ಮಗುಚತಿದ್ದ" ಅಂದರು. ದೀಪ ಹಚ್ಚಿದರು. ತಾಟಿನ ಕಡೆ ನೋಡಲಿಲ್ಲ. ಅದನ್ನು ಮಗುಚುವ ಕೈ ಇನ್ನು ಇಲ್ಲ, ಬೇರೆ ಕೈ ಮುಟ್ಟುವಂತಿಲ್ಲ.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಎದ್ದೆ. ಎಸರು ಇಟ್ಟೆ. ಹಲಗೆ ನೋಡಿ ಬಂದೆ. ಹುಡುಗರ ತಾಟುಗಳೆಲ್ಲ ಅಂಗಾತ ಇದ್ದವು, ಒಂದು ಬೋರಲು. ಪರಾತದಲ್ಲಿ ಹಿಟ್ಟು ಹಾಕಿದೆ, ಆಮೇಲೆ ಇನ್ನೊಂದು ಹಿಡಿ ಹಾಕಿದೆ. ನಾದಿದೆ. ಮೊದಲ ರೊಟ್ಟಿಯನ್ನು ಅವನಿಗೆ ಸೇರುವಷ್ಟು ತೆಳ್ಳಗೆ ಬಡಿದು, ಸುಟ್ಟು, ಬಿಸಿ ಇರುವಾಗಲೇ ಎರಡೂ ಕೈಯಲ್ಲಿ ಹಿಡಿದು ಹಲಗೆಯ ಹತ್ತಿರ ಹೋದೆ. ತಾಟು ಮುಟ್ಟಲಿಲ್ಲ. ಬೋರಲು ಬಿದ್ದದ್ದು ಬಿದ್ದ ಹಾಗೇ, ಅದರ ಬೆನ್ನ ಮೇಲೆ ರೊಟ್ಟಿ ಇಟ್ಟೆ. ಹೆಸರು ಮುಚ್ಚಿಹೋಯಿತು.

ತಿರುಗಿದರೆ ಅತ್ತೆ ನಿಂತಿದ್ದರು. ಮಿಂದು ಬಂದಿದ್ದರು, ಹಣೆಯ ವಿಭೂತಿ ಇನ್ನೂ ಹಸಿ. ರೊಟ್ಟಿ ನೋಡಿದರು. ಅದರಿಂದ ಉಗಿ ಏಳುತ್ತಿತ್ತು. ಈಗ ನನ್ನನ್ನು ಮನೆಯಿಂದ ಹಾಕುತ್ತಾರೆ ಅಂದುಕೊಂಡೆ.

"ಹಿಂಡಿ ಇಲ್ಲದ ಹೆಂಗ ತಿಂತಾನ?" ಅಂದರು.

ನಾನು ಒಳಗೆ ಹೋಗಿ ಹಿಂಡಿ ತಂದು ಹಾಕಿದೆ.